ನಮ್ಮ ಸೀಮೆಯ ಮೃಗಪಕ್ಷಿಗಳೂ ಪರರ ದಫ್ತರವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಈ ಐದೂ ತಾಲೂಕುಗಳ ಪ್ರತಿಯೊಂದು ಗ್ರಾಮಪಂಚಾಯತಿಯ ದಫ್ತರದಲ್ಲಿ ಜೀವವೈವಿಧ್ಯ ದಾಖಲೆ ಎಂಬ ಒಂದು ಪುಸ್ತಕವು ಇರತಕ್ಕದ್ದು. 2002ನೆಯ ಇಸವಿಯ ಜೀವವೈವಿಧ್ಯ ಕಾಯಿದೆಯೂ ಅದರ ಮೇರೆಗೆ ಆದ ನಿಯಮಗಳೂ ಹಾಗೆ ವಿಧಿಸಿರುತ್ತವೆ. ಊರಿನ ಗಿಡಮರ, ಬೆಳೆ, ಮೀನು, ಪಕ್ಷಿ, ಕಾಡುಪ್ರಾಣಿ ಇವುಗಳ ಹೆಸರುಗಳನ್ನೂ, ಇವುಗಳ ವಿಷಯಕ್ಕೆ ಊರವರಿಗಿರುವ ತಿಳಿವಳಿಕೆಯನ್ನೂ ಊರವರನ್ನೇ ಕೇಳಿ ಬರೆದಿಡಬೇಕೆಂಬುದು ಅದರ ಉದ್ದೇಶ. ಉದ್ದೇಶವು ಸ್ತುತ್ಯವಾದದ್ದೇ ಸರಿ. ಗಡಿಭಾಗದ ಒಂದು ಪಂಚಾಯತಿಯಲ್ಲಿ ಇಂಥ ಪುಸ್ತಕವನ್ನು ತಿರುವಿ ನೋಡುವ ಯೋಗವು ನಮಗೆ ಈಚೆಗೆ ಒದಗಿತು. ‘ಸ್ಥಳೀಯ ಹೆಸರು’ ಎಂಬ ಕಲಮಿನ ಕೆಳಗೆ ತೋಳಕ್ಕೆ ‘ಇಂಡಿಯನ್ ವುಲ್ಫ್’ ಎಂದು ಕನ್ನಡ ಅಕ್ಷರಗಳಲ್ಲಿ ಬರೆದಿತ್ತು. ಪಕ್ಷಿಗಳ ಪೈಕಿ ಕಾಗೆ, ಗುಬ್ಬಿ, ನವಿಲು ಈ ಮೂರಕ್ಕೇ ಲೆಕ್ಕವು ಮುಗಿದಿತ್ತು. ಇಲಿಗಳ ವಿಷಯಕ್ಕೆ ಬರೆದದ್ದು ‘ಇಲಿ, ಇದೆ’ ಎಂಬ ಎರಡೇ ಶಬ್ದಗಳು. ಊರಿನಲ್ಲಿ ಇಲಿಯು ಇರುವದೆಂಬ ಈ ಸಂಶೋಧನೆಗಾಗಿ ನಾವು ಬರೆದವರಿಗೆ ಋಣಿಗಳಾಗಿರುತ್ತೇವೆ.

ಆ ಇಲಿಯ ವಿಷಯವನ್ನೇ ನಾವು ಮೊದಲು ಎತ್ತಿಕೊಳ್ಳುವೆವು. ವಾಚಕರು ನಗಬಹುದು, ಆದರೆ ಈ ನಾಡಿನ ಇಲಿಗಳ ಇತಿಹಾಸವು ನಗುವಂಥದಲ್ಲ.

1839ರಲ್ಲಿ ಮದ್ರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ವಾಲ್ಟರ್ ಎಲಿಯಟ್ ಎಂಬ ಸಿವಿಲ್ ಅಧಿಕಾರಿಯು ‘ದಕ್ಷಿಣ ಮರಾಠಾ ದೇಶ’ದ ಸಸ್ತನಿಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ದಕ್ಷಿಣ ಮರಾಠಾ ದೇಶವೆಂದರೆ ಬೇರೆ ಯಾವದೂ ಅಲ್ಲ, ಧಾರವಾಡ ಮತ್ತು ಬೆಳಗಾವಿಯ ಸೀಮೆಗಳೇ. ಕನ್ನಡದ ನಾಡಿಗೆ ಕಂಪನಿ ಸರಕಾರವು ಇಟ್ಟ ಆ ಹೆಸರಿನ ಔಚಿತ್ಯವನ್ನು ಕುರಿತು ಹಿರಿಯರು ಸಾಕಷ್ಟು ಬರೆದಿದ್ದಾರೆ. ನಾವು ಪುನಃ ಬರೆಯುವದಿಲ್ಲ. ಒಂದು ಮಾತನ್ನು ಮಾತ್ರ ಹೇಳುವೆವು: ಪಟ್ಟಿಯ ತಲೆಬರಹವು ಏನೇ ಇರಲಿ, ಪಟ್ಟಿಯೊಳಗಿನ ಪ್ರಾಣಿಗಳು ಕನ್ನಡದ ಹೆಸರುಗಳನ್ನೇ ಹೊತ್ತಿವೆ. ಕೃಷ್ಣಮೃಗಕ್ಕೆ ಚಿಗರಿ, ತೋಳಕ್ಕೆ ತೋಳ, ಕತ್ತೆಕಿರುಬಕ್ಕೆ ಕಿರುಬ. ಹುಲ್ಲುಗಾವಲಿನ ಸಣ್ಣ ನರಿಗೆ ಕೆಂಪುನರಿ, ಚಂದಕನರಿ ಎಂಬ ಹೆಸರುಗಳು. ಹೆಗ್ಗಣವನ್ನು ಕೂಡ ಸಾಹೇಬರು ಬಿಟ್ಟಿಲ್ಲ.

ಈ ಎಲಿಯಟ್ ಸಾಹೇಬರು ಯಾರು? ಕಿತ್ತೂರಿನ ಇತಿಹಾಸವನ್ನು ಓದಿದವರಿಗೆ ಇವರ ಗುರುತು ಇದ್ದೇ ಇರುವದು. 1824ನೆಯ ಇಸವಿ ಅಕ್ಟೋಬರ 23ರಂದು ಕಲೆಕ್ಟರ ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಮಡಿದಾಗ ರಾಣಿ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬರು ಸ್ಟೀವನ್ಸನ್, ಇನ್ನೊಬ್ಬರೇ ಎಲಿಯಟ್. ಆಗ ಅವರ ವಯಸ್ಸು ಇಪ್ಪತ್ತೊಂದು. ಕೆಲವು ವಾರಗಳ ಸೆರೆವಾಸದ ತರುವಾಯ ಬಿಡುಗಡೆ ಹೊಂದಿ, ಅದೇ ಸೀಮೆಯಲ್ಲಿ ಮುಂದೆ ಅನೇಕ ವರ್ಷ ಅಧಿಕಾರ ನಡಿಸಿದರು. ಚಾಲುಕ್ಯರ ಶಿಲಾಶಾಸನಗಳನ್ನು ನೂರುಗಟ್ಟಲೆ ನಕಲು ಮಾಡಿಸಿದರು. ಇಲಿಗಳ ಬಿಲಗಳನ್ನೂ ಅಗಿಸಿ ನೋಡಿದರು. ಮುಂದೆ ಡಾರ್ವಿನ್ನನಿಗೆ ಪಾರಿವಾಳಗಳ ಚರ್ಮಗಳನ್ನು ಮದ್ರಾಸಿನಿಂದ ಕಳಿಸಿಕೊಟ್ಟವರೂ ಇವರೇ; 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಡಾರ್ವಿನ್ನನು ಅದನ್ನು ನೆನೆದಿದ್ದಾನೆ. ಸೆರೆಯಿಟ್ಟ ನಾಡಿನ ಮೇಲೆ ಹಗೆಯನ್ನು ಸಾಧಿಸದೆ ಅದರ ಶಾಸನಗಳನ್ನೂ ಪ್ರಾಣಿಗಳನ್ನೂ ಓದಲಿಕ್ಕೆ ಕುಳಿತ ಮನುಷ್ಯನನ್ನು, ಪರರಾಜ್ಯದ ಅಧಿಕಾರಿಯಾದರೂ, ನಾವು ಹಗುರವಾಗಿ ಕಾಣಲಾರೆವು.

ಅವರು ಹೇಳುವ ಸಂಗತಿಯನ್ನು ಕೇಳಿರಿ. ಎರೆಹೊಲಗಳಲ್ಲಿ ‘ಮೆಟ್ಟಡೆ’ ಎಂಬ ಒಂದು ಮೆತ್ತನೆಯ ಕೂದಲಿನ ಇಲಿ ಇರುತ್ತದೆ; ಈ ಹೆಸರು ಒಡ್ಡರ ಮಾತಿನದು. ಇದು ತಾನಾಗಿ ಆಳವಾದ ಬಿಲವನ್ನು ತೋಡುವದಿಲ್ಲ. ಕಂಟಿಯ ಬುಡದಲ್ಲಿ, ಹೊಲದ ಬದುವಿನ ಕಲ್ಲುಗುಪ್ಪೆಯಲ್ಲಿ, ಬೇರೆ ಇಲಿಯು ಬಿಟ್ಟುಹೋದ ಬಿಲದಲ್ಲಿ, ಅಥವಾ ಬೇಸಿಗೆಯಲ್ಲಿ ಎರೆಭೂಮಿಯು ಬಾಯ್ದೆರೆದ ಬಿರುಕುಗಳಲ್ಲಿ ಸಂಸಾರ ಹೂಡುವದು. ಮುಂಗಾರಿಯ ಮೊದಲ ದೊಡ್ಡ ಮಳೆಗೆ ಬಿರುಕುಗಳು ಕುಸಿದು ಮುಚ್ಚಿಕೊಂಡಾಗ ಪ್ರತಿವರ್ಷವೂ ಅಸಂಖ್ಯ ಇಲಿಗಳು ಸಾಯುವವು. ನಿಸರ್ಗವು ಇಟ್ಟ ಕಟ್ಟು ಇದು. 1826ರಲ್ಲಿ ಮುಂಗಾರಿಯ ಆರಂಭದ ಮಳೆಯು ಎಂದಿನಂತೆ ಬೀಳಲಿಲ್ಲ, ಕಟ್ಟು ತಪ್ಪಿತು. ಮೆಟ್ಟಡೆಗಳು ಲೆಕ್ಕವಿಲ್ಲದೆ ಬೆಳೆದು ಪಿಡುಗಾದವು. ಬಿತ್ತಿದ ಬೀಜವನ್ನು ಬಿತ್ತಿದ ಕೂಡಲೇ ತಿಂದವು. ಉಳಿದು ಬೆಳೆದ ಜೋಳದ ದಂಟನ್ನು ಏರಿ, ತೆನೆಯನ್ನು ಕತ್ತರಿಸಿ ಕೆಳಗೆ ಕೆಡವಿ ತಿಂದವು. ರೈತರು ಒಡ್ಡರನ್ನು ಕರೆದು, ಇಷ್ಟು ಡಜನಿಗೆ ಇಷ್ಟು ಕಾಳು ಎಂದು ಗೊತ್ತುಮಾಡಿ ಸಾವಿರಗಟ್ಟಲೆ ಇಲಿಗಳನ್ನು ಕೊಲ್ಲಿಸಿದರು. ಆದರೂ ಅವು ಕಡಿಮೆಯಾದಂತೆ ಕಾಣಲಿಲ್ಲ. ಹೊಲಗಳಿಗೆ ಹೊಲಗಳೇ ಹಾಳಾಗಿ ರೈತರು ಸರಕಾರದ ಹಣವನ್ನು ತುಂಬಲಾರದೆ ಹೋದರು.

ಈ ಕೊನೆಯ ವಾಕ್ಯದಲ್ಲಿಯೇ ಸಾಹೇಬರ ಆಸ್ಥೆಯ ಒಂದು ಮೂಲವು ಅಡಗಿರುತ್ತದೆ. ಕಂದಾಯವು ಯಾಕೆ ಬರಲಿಲ್ಲವೆಂಬ ಪ್ರಶ್ನೆಯೇ ಅಧಿಕಾರಿಯನ್ನು ಇಲಿಯ ಬಿಲದ ವರೆಗೆ ಒಯ್ದಿತು. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಅರಸೊತ್ತಿಗೆಯ ಲಾಭವೂ ವಿದ್ಯೆಯ ಹಸಿವೂ ಒಂದೇ ಮನುಷ್ಯನಲ್ಲಿ ಕೂಡಿರಬಹುದು. ಎಲಿಯಟ್ ಸಾಹೇಬರು ಕಳಿಸಿದ ಇಲಿಗಳನ್ನು ನೋಡಿ ಲಂಡನ್ನಿನ ಬ್ರಿಟಿಷ್ ಮ್ಯೂಝಿಯಮ್ಮಿನ ಗ್ರೇ ಎಂಬ ಪಂಡಿತನು 1837ರಲ್ಲಿ ಅವಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಕನ್ನಡದ ‘ಗುಳಂದಿ’ಯು ‘ಗೊಲುಂಡ’ವಾಯಿತು, ‘ಮೆಟ್ಟಡೆ’ಯು ಲಂಡನ್ನಿಗೆ ಮುಟ್ಟುವಷ್ಟರಲ್ಲಿ ‘ಮೆಲ್ಟಾಡಾ’ ಆಯಿತು, ‘ಕೋಕ್’ ಎಂಬುದು ‘ಕೋಕ್’ ಎಂದೇ ಉಳಿಯಿತು. ಇಂದಿಗೂ ಜಗತ್ತಿನ ಯಾವ ಮೂಲೆಯ ಪ್ರಾಣಿಶಾಸ್ತ್ರಜ್ಞನಾದರೂ ಈ ಇಲಿಗಳನ್ನು ಹೆಸರಿಸಬೇಕಾದರೆ ನಮ್ಮ ಹೊಲದ ಮಾತುಗಳನ್ನೇ ಉಚ್ಚರಿಸಬೇಕು. ನಮ್ಮ ಪಂಚಾಯತಿಯ ಪುಸ್ತಕವು ಮಾತ್ರ ‘ಇಲಿ, ಇದೆ’ ಎನ್ನುತ್ತದೆ.

ಎಲಿಯಟ್ ಸಾಹೇಬರಿಗಿಂತ ತುಸು ಮೊದಲೇ ಕರ್ನಲ್ ಸೈಕ್ಸ್ ಎಂಬವರು ಮುಂಬಯಿ ಸರಕಾರದ ಪರವಾಗಿ ದಖ್ಖನದ ಅಂಕಿಸಂಖ್ಯೆಗಳನ್ನು ಕೂಡಿಸುತ್ತ ತಿರುಗಾಡಿದರು. ಅವರ ವರದಿಯ ನಾಲ್ಕು ಕಲೆಕ್ಟರಿಗಳಲ್ಲಿ ಧಾರವಾಡವೂ ಒಂದು. 1836ರಲ್ಲಿ ಬೆಳಗಾವಿಯು ಬೇರೆ ಜಿಲ್ಲೆಯಾಗುವವರೆಗೆ ಈ ಭಾಗವು ಧಾರವಾಡದ ಕಲೆಕ್ಟರನ ಕೈಕೆಳಗೆಯೇ ಇತ್ತು. ನಮ್ಮ ಬಯಲುಸೀಮೆಯ ತೋಳವನ್ನು 1831ರಲ್ಲಿ ಶಾಸ್ತ್ರಕ್ಕೆ ಪರಿಚಯಿಸಿದವರು ಸೈಕ್ಸರೇ. 1832ರಲ್ಲಿ ದಖ್ಖನದ ಪಕ್ಷಿಗಳ ಪಟ್ಟಿಯನ್ನೂ, ತರುವಾಯ ಮೀನುಗಳ ವಿವರಣೆಯನ್ನೂ ಪ್ರಕಟಿಸಿದರು. ಭೀಮೆಯ, ಮುಳಾ–ಮುಠೆಯ ದಂಡೆಯ ಅಂಬಿಗರು ಮರಾಠಿಯಲ್ಲಿ ಕರೆಯುತ್ತಿದ್ದ ಕೋಳಸ, ಮುಸಳಾ, ಫುಲಂಗಿ ಮೊದಲಾದ ಹೆಸರುಗಳು ಹಾಗೆಯೇ ಲ್ಯಾಟಿನ್ನಿನೊಳಗೆ ಹೋಗಿ ಕುಳಿತವು. ಮೀನಿಗೆ ಭಾಷೆಯ ಗಡಿಯು ತಿಳಿಯದು. ಮರಾಠಿಯ ಅಂಬಿಗನಿಗೆ ಸಂದ ಮಾನವನ್ನು ನೋಡಿ ನಾವು ಕರುಬುವದಿಲ್ಲ. ಯಡೂರು, ಕುಡಚಿ, ಉಗಾರಗಳ ಕೃಷ್ಣಾ ದಂಡೆಯ ಅಂಬಿಗರು ಅದೇ ಮೀನುಗಳಿಗೆ ಏನೆನ್ನುವರೆಂಬುದನ್ನು ನಾವು ಬರೆದುಕೊಳ್ಳಲಿಲ್ಲವಲ್ಲ ಎಂಬುದಷ್ಟೇ ನಮ್ಮ ಕೊರಗು.

ಆ ಕಾಲದ ಸಾಹೇಬರೆಲ್ಲರೂ ಋಷಿಗಳಾಗಿದ್ದರೆಂದು ಮಾತ್ರ ಯಾರೂ ತಿಳಿಯದಿರಲಿ. ನೋಡುವ ಕಣ್ಣಿನ ಪಕ್ಕದಲ್ಲಿಯೇ ಕೊಲ್ಲುವ ಬಂದೂಕವಿತ್ತು. ಬಯಲಿನ ದೊಡ್ಡ ಪಕ್ಷಿಯಾದ ಎರೆಭೂತವು ದಖ್ಖನದಲ್ಲಿ ಆಗ ಎಷ್ಟು ವಿಪುಲವಾಗಿತ್ತೆಂದರೆ, ಅಹಮದನಗರದ ಸೀಮೆಯಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಗೃಹಸ್ಥನು 1809ರಿಂದ 1829ರ ವರೆಗೆ 961 ಪಕ್ಷಿಗಳನ್ನು ಹೊಡೆದನು. ಲೆಕ್ಕವನ್ನು ಎಷ್ಟು ಕಟ್ಟುನಿಟ್ಟಾಗಿ ಇಟ್ಟಿದ್ದಾನೆಂಬುದನ್ನು ನೋಡಿರಿ! ಇಂದು ಕರ್ನಾಟಕದಲ್ಲಿ ಈ ಪಕ್ಷಿಯನ್ನು ಕಾಣಬೇಕಾದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಿಗೆ ಹೋಗಿ, ಬೆರಳೆಣಿಕೆಯ ಕೆಲವಕ್ಕಾಗಿ ಕಾಯಬೇಕು. ತೋಳ, ಹುಲಿಗಳ ತಲೆಗೆ ಸರಕಾರವು ಇನಾಮು ಕೊಡುತ್ತಿದ್ದ ಕಾಲವೂ ಅದೇ. ಒಂದು ಕೈಯಿಂದ ವರ್ಣನೆಯನ್ನು ಬರೆದು ಇನ್ನೊಂದು ಕೈಯಿಂದ ಇನಾಮನ್ನು ಎಣಿಸಿಕೊಟ್ಟ ರಾಜ್ಯವದು.

ಬೆಳಗಾವಿಯ ದಂಡಿನಲ್ಲಿದ್ದ ಬಟ್ಲರ್ ಎಂಬ ಸೇನಾಧಿಕಾರಿಯು 1880ರ ಸುಮಾರಿಗೆ ಮುಂಬಯಿ ಇಲಾಖೆಯ ದಕ್ಷಿಣ ಭಾಗದ ಪಕ್ಷಿಗಳ ಪಟ್ಟಿಯನ್ನು ತಯಾರಿಸಿದನು. ಅದು ಅಚ್ಚಾದದ್ದು ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯಲ್ಲಿ. ಅದರ ಸಂಪಾದಕರು ಎ. ಓ. ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಹ್ಯೂಮ್ ಸಾಹೇಬರೇ. ರಾಜಕಾರಣಕ್ಕೆ ಇಳಿಯುವ ಮೊದಲು ಅವರು ಹಿಂದುಸ್ತಾನದ ಪಕ್ಷಿಶಾಸ್ತ್ರದ ಮಠಾಧಿಪತಿಗಳಂತೆ ಇದ್ದರು. ಹಲವು ವರ್ಷ ಶ್ರಮಪಟ್ಟು ಬರೆದಿಟ್ಟಿದ್ದ ಅವರ ಹಸ್ತಪ್ರತಿಗಳನ್ನು ಸಿಮ್ಲೆಯ ಮನೆಯಿಂದ ಆಳೊಬ್ಬನು ಕದ್ದು ರದ್ದಿಯ ಕಾಗದವೆಂದು ಮಾರಿಬಿಟ್ಟನಂತೆ. ಮನಸ್ಸು ಮುರಿದು ತಮ್ಮ ಸಂಗ್ರಹವನ್ನೆಲ್ಲ ಬ್ರಿಟಿಷ್ ಮ್ಯೂಝಿಯಮ್ಮಿಗೆ ದಾನಮಾಡಿದರು. ಪಕ್ಷಿಶಾಸ್ತ್ರದ ನಷ್ಟವು ದೇಶದ ಲಾಭವಾಯಿತೋ ಏನೋ! ಅವರು ಹುಟ್ಟಿಸಿದ ಸಂಸ್ಥೆಯು ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿಯೇ ನೆರೆದದ್ದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ.

ಇಷ್ಟೆಲ್ಲ ಪಟ್ಟಿಗಳಲ್ಲಿ ಒಂದು ವರ್ಗದವರ ಹೆಸರು ಮಾತ್ರ ಎಲ್ಲಿಯೂ ಸಿಕ್ಕುವದಿಲ್ಲ. ಬಿಲವನ್ನು ಅಗಿದ ಒಡ್ಡನು ಯಾರು? ಗಿಡದ ಮೇಲಿನ ಗೂಡನ್ನು ತೋರಿಸಿದ ದನಗಾಹಿಯು ಯಾರು? ತೋಳದ ಜಾಡನ್ನು ಹೇಳಿಕೊಟ್ಟ ಕುರುಬನು ಯಾರು? ‘ಒಡ್ಡರು ಹೀಗೆನ್ನುತ್ತಾರೆ’, ‘ಕನ್ನಡದಲ್ಲಿ ಹೀಗೆ ಕರೆಯುವರು’ ಎಂದು ಜಾತಿಯ ಹೆಸರು ಇದೆ, ಭಾಷೆಯ ಹೆಸರು ಇದೆ, ಮನುಷ್ಯನ ಹೆಸರಿಲ್ಲ. ಗುಳಂದಿಯ ಶಾಸ್ತ್ರೀಯ ನಾಮದ ಉತ್ತರಾರ್ಧದಲ್ಲಿ ಎಲಿಯಟ್ ಸಾಹೇಬರ ಹೆಸರು ಇರುತ್ತದೆ. ಅದನ್ನು ಹಿಡಿದುಕೊಟ್ಟವನ ಹೆಸರು ಎಲ್ಲಿಯೂ ಇರುವದಿಲ್ಲ.

ಇದು ಬರಿಯ ಮರೆವಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಮೃಗಪಕ್ಷಿಗಳ ಚಲನವಲನವನ್ನು ಎಲ್ಲರಿಗಿಂತ ಹೆಚ್ಚು ಬಲ್ಲ ಜನರೆಂದರೆ ಬಲೆ ಮತ್ತು ಉರುಲುಗಳಿಂದ ಹೊಟ್ಟೆ ಹೊರೆಯುತ್ತಿದ್ದ ಹರಣಶಿಕಾರಿಗಳು. 1871ರಲ್ಲಿ ಹುಟ್ಟಿದ ಅಪರಾಧಿ ಜಾತಿಗಳ ಕಾಯಿದೆಯು 1911ರಲ್ಲಿ ಮುಂಬಯಿ ಇಲಾಖೆಗೂ ಬಂದು ಇವರನ್ನು ಹುಟ್ಟಿನಿಂದಲೇ ಕಳ್ಳರೆಂದು ಗಣಿಸಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳಾದವು. ಹಾಜರಿ ಕೊಡದೆ ಊರು ಬಿಡಕೂಡದೆಂಬ ಕಟ್ಟಳೆಯಾಯಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. ಇಪ್ಪತ್ತು ವರ್ಷಗಳ ತರುವಾಯ, 1972ರಲ್ಲಿ, ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಅದು ಆಗಲೇಬೇಕಾಗಿದ್ದ ಕಾಯಿದೆ. ನಮ್ಮದು ಅದಕ್ಕೆ ಪೂರ್ಣ ಸಮ್ಮತಿ. ಆದರೆ ಶಿಕಾರಿಯ ಕೈಯಿಂದ ಬಲೆಯನ್ನು ಕಸಿದುಕೊಂಡ ಸರಕಾರವು ಅವನ ತಲೆಯೊಳಗಿನ ವಿದ್ಯೆಯನ್ನು ಬಳಸಿಕೊಳ್ಳುವ ಯೋಚನೆಯನ್ನೇ ಮಾಡಲಿಲ್ಲ. ಯಾವ ಪಕ್ಷಿಯು ಯಾವ ತಿಂಗಳಲ್ಲಿ ಯಾವ ಬೆಳೆಯಲ್ಲಿ ಗೂಡಿಡುವದೆಂಬುದನ್ನು ಬಲ್ಲ ಮುದುಕರು ಇಂದು ನಿಪ್ಪಾಣಿಯ, ಅಥಣಿಯ ಸಂತೆಗಳಲ್ಲಿ ಸೂಜಿ, ಮಣಿ, ಹಣಿಗೆಗಳನ್ನು ಮಾರುತ್ತ ಕುಳಿತಿರಬಹುದು. ಅವರನ್ನು ಕೇಳಿದವರು ಯಾರು?

ಕೇಳದಿದ್ದರೆ ಏನಾಗುವದೆಂಬುದಕ್ಕೆ ಒಂದು ಶಬ್ದದ ಕಥೆಯೇ ಸಾಕು. 2022ನೆಯ ಇಸವಿ ಸೆಪ್ಟೆಂಬರ 17ರಂದು ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋ ಅರಣ್ಯದಲ್ಲಿ ಬಿಟ್ಟರು. ಕನ್ನಡದ ಪತ್ರಿಕೆಗಳಿಗೆ ಆ ದಿನ ದೊಡ್ಡ ಇಕ್ಕಟ್ಟು. ಚಿರತೆ ಎಂದರೆ ಬೇರೆ ಪ್ರಾಣಿ. ಚೀತಾ ಎಂದರೆ ಹಿಂದಿಯ ಮಾತು. ಬಹುತೇಕರು ಚೀತಾ ಎಂದೇ ಬರೆದರು. ಎಲಿಯಟ್ ಸಾಹೇಬರ ಕಾಲಕ್ಕೆ ಈ ಪ್ರಾಣಿಗೆ ಕನ್ನಡದಲ್ಲಿ ‘ಶಿವಂಗಿ’ ಎಂಬ ಸೊಗಸಾದ ಸ್ವತಂತ್ರ ಹೆಸರು ಇತ್ತು. ಅದು ಇಂಗ್ಲಿಷರ ಪುಸ್ತಕಗಳಲ್ಲಿ ದಾಖಲಾಗಿ ಉಳಿದಿದೆ. ಶಿವಂಗಿಯು ದೂರದ ಪ್ರಾಣಿಯೂ ಅಲ್ಲ. ಪಳಗಿಸಿದ ಶಿವಂಗಿಗಳಿಂದ ಚಿಗರಿಯನ್ನು ಬೇಟೆಯಾಡುವದು ಕೊಲ್ಲಾಪುರದ ದರಬಾರಿನ ಪ್ರಸಿದ್ಧ ವಿನೋದವಾಗಿತ್ತು. ದೇಶದ ಶಿವಂಗಿಗಳು ವಿರಳವಾದ ಮೇಲೆ ಆಫ್ರಿಕೆಯಿಂದಲೂ ತರಿಸಿದರು. 1949ರಲ್ಲಿ ವಿಲೀನವಾಗುವವರೆಗೆ ರಾಯಬಾಗವು ಅದೇ ಸಂಸ್ಥಾನದ ಭಾಗವಾಗಿತ್ತು. ಪ್ರಾಣಿಯು ನಾಡಿನಿಂದ ಹೋಯಿತು. ಅದರ ಹಿಂದೆ ಹೆಸರೂ ಜನರ ನಾಲಗೆಯಿಂದ ಹೋಯಿತು.

‘ಇವೆಲ್ಲ ಹಳೆಯ ಮಾತುಗಳು, ಈಗ ನಮ್ಮ ಭಾಗದಲ್ಲಿ ಕಬ್ಬು ಬಿಟ್ಟರೆ ಏನಿದೆ?’ ಎಂದು ಒಬ್ಬ ಅಧಿಕಾರಿ ಸ್ನೇಹಿತರು ನಮ್ಮನ್ನು ಕೇಳಿದರು. ಕಬ್ಬಿನ ಮಾತು ನಿಜ. ಜೋಳದ ಎರೆಹೊಲಗಳಲ್ಲಿ ಎಷ್ಟೋ ಪಾಲು ಇಂದು ನೀರಾವರಿಯ ಕಬ್ಬಿನ ಕೆಳಗೆ ಇರುತ್ತದೆ. ಬೇಸಿಗೆಯಲ್ಲಿಯೂ ನೀರು ಹಾಯುವ ನೆಲವು ಮೊದಲಿನಂತೆ ಬಿರಿಯದು. ಹಾಗಾದರೆ ಬಿರುಕನ್ನೇ ನಂಬಿದ್ದ ಮೆಟ್ಟಡೆಯು ಎಲ್ಲಿ ಹೋಯಿತು? ಅದರ ಜಾಗಕ್ಕೆ ಯಾವ ಇಲಿಯು ಬಂತು? ಇಲಿಯನ್ನು ನಂಬಿದ ಗೂಗೆ, ಹಾವು, ನರಿಗಳ ಗತಿಯೇನು? ಕಬ್ಬಿನ ಕಾರಖಾನೆಗಳಿರುವ ಸೀಮೆಯ ರೈತನಿಗೆ ಈ ಪ್ರಶ್ನೆಯು ವಿನೋದದ್ದಲ್ಲ. 1826ರ ಅಧಿಕಾರಿಯು ಕಂದಾಯಕ್ಕಾಗಿಯಾದರೂ ಇದನ್ನು ಕೇಳಿದನು. ಇಂದಿನ ಅಧಿಕಾರಿಯು ರೈತನಿಗಾಗಿಯಾದರೂ ಕೇಳಬಾರದೇ?

ಕಬ್ಬು ಬಿಟ್ಟರೆ ಏನೂ ಇಲ್ಲವೆಂಬುದೂ ಸರಿಯಲ್ಲ. 2019ರ ಆಗಸ್ಟದ ಮಹಾಪೂರದಲ್ಲಿ ರಾಯಬಾಗ ತಾಲೂಕಿನ ಒಂದು ಮನೆಯ ಮಾಳಿಗೆಯ ಮೇಲೆ ಮೊಸಳೆಯೊಂದು ಬಂದು ಕುಳಿತ ಚಿತ್ರವನ್ನು ದೇಶವೆಲ್ಲ ನೋಡಿತು. ಕೃಷ್ಣೆಯಲ್ಲಿ ಮೊಸಳೆಗಳು ಇರುವವೆಂದು ಅಂಬಿಗರಿಗೆ ಮೊದಲೇ ಗೊತ್ತಿತ್ತು. ಪೇಟೆಯವರಿಗೆ ಆ ದಿನ ಗೊತ್ತಾಯಿತು. 1952ರಲ್ಲಿ ಸಿ. ವ್ಹಿ. ಕುಲಕರ್ಣಿ ಎಂಬ ನಮ್ಮವರೇ ಆದ ಮತ್ಸ್ಯಶಾಸ್ತ್ರಜ್ಞರು ಕೊಲ್ಲಾಪುರದ ಪಂಚಗಂಗೆಯಲ್ಲಿ ಒಂದು ಹೊಸ ಮೀನನ್ನು ಗುರುತಿಸಿದರು. ಅದು ಬೇರೆ ಮೀನುಗಳ ಹೊಪ್ಪಳೆಗಳನ್ನು ಕಿತ್ತು ತಿನ್ನುವದು. ಮೀನುಗಾರರು ಅದಕ್ಕೆ ಮರಾಠಿಯಲ್ಲಿ ‘ಖವಲಚೋರ’, ಅಂದರೆ ಹೊಪ್ಪಳೆಗಳ್ಳ, ಎನ್ನುತ್ತಿದ್ದರು. ಕುಲಕರ್ಣಿಯವರು ಆ ಮಾತನ್ನೇ ಶಾಸ್ತ್ರೀಯ ನಾಮದಲ್ಲಿ ಸೇರಿಸಿದರು. ಪಂಚಗಂಗೆಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿ, ಆ ನೀರೇ ನಮ್ಮ ಯಡೂರಿನ ಕಡೆಗೆ ಹರಿದುಬರುವದು. ಕೆಳಗೆ ಬಲೆ ಬೀಸುವ ನಮ್ಮ ಅಂಬಿಗನು ಆ ಕಳ್ಳನಿಗೆ ಏನು ಹ�ೆಸರಿಟ್ಟಿದ್ದಾನೆ? ಪಂಚಾಯತಿಯ ಪುಸ್ತಕದಲ್ಲಿ ಮೀನುಗಳ ಪುಟವೇ ಖಾಲಿ ಇತ್ತು.

ಪುಸ್ತಕಗಳು ಹೀಗೇಕಾದವೆಂಬುದನ್ನು ನಾವು ಬಲ್ಲೆವು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2020ರ ಜನವರಿ ಕೊನೆಯ ಗಡುವನ್ನು ಹಾಕಿ, ತಪ್ಪಿದರೆ ರಾಜ್ಯಗಳಿಗೆ ದಂಡವೆಂದು ಗದರಿಸಿತು. ಹದಿನೈದು ವರ್ಷ ಮಲಗಿದ್ದ ಕೆಲಸವನ್ನು ತಿಂಗಳುಗಳಲ್ಲಿ ಮುಗಿಸುವ ಪ್ರಸಂಗ ಬಂತು. ಒಂದೂರಿನ ಪಟ್ಟಿಯನ್ನು ಇನ್ನೊಂದೂರಿಗೆ ಇಳಿಸಿಕೊಂಡರೆ ಕೆಲಸವು ಬೇಗನೆ ಆಗುವದು. ಆದರೆ ಅದು ಊರಿನ ದಾಖಲೆಯಾಗುವದಿಲ್ಲ. ಕಾಯಿದೆಯ ಪ್ರಕಾರ ಊರಿನ ಜೀವಸಂಪತ್ತನ್ನು ವ್ಯಾಪಾರಕ್ಕಾಗಿ ಒಯ್ಯುವವರಿಂದ ಶುಲ್ಕ ಪಡೆಯುವ, ಲಾಭದಲ್ಲಿ ಪಾಲು ಕೇಳುವ ಹಕ್ಕು ಊರಿಗೆ ಉಂಟು. ಪುಸ್ತಕದಲ್ಲಿ ಇಲ್ಲದ ಗಿಡದ ಮೇಲೆ, ಬರೆಯದೆ ಬಿಟ್ಟ ತಿಳಿವಳಿಕೆಯ ಮೇಲೆ ನಾಳೆ ಯಾವ ಮುಖದಿಂದ ಹಕ್ಕು ಹೇಳಬೇಕು?

ಆದಕಾರಣ ಐದೂ ತಾಲೂಕುಗಳ ಪಂಚಾಯತಿ ಅಧಿಕಾರಿಗಳಲ್ಲಿಯೂ, ಪುರಸಭೆ, ನಗರಸಭೆಗಳ ಸದಸ್ಯರಲ್ಲಿಯೂ ನಮ್ಮ ವಿಜ್ಞಾಪನೆಯಿದೆ. ಪುಸ್ತಕಗಳನ್ನು ಪುನಃ ತೆರೆಯಿರಿ. ಹಾಯಸ್ಕೂಲಿನ ಮಾಸ್ತರರನ್ನೂ ಮೇಲಿನ ತರಗತಿಗಳ ಹುಡುಗ ಹುಡುಗಿಯರನ್ನೂ ಕರೆದುಕೊಂಡು ಕುರುಬರ ಹಟ್ಟಿಗೆ, ಅಂಬಿಗರ ಓಣಿಗೆ, ಒಡ್ಡರ ಹಾಗೂ ಹರಣಶಿಕಾರಿಗಳ ವಸತಿಗೆ ಹೋಗಿರಿ. ಅವರು ಅನ್ನುವ ಹೆಸರನ್ನು ಅನ್ನುವ ಹಾಗೆಯೇ ಬರೆಯಿರಿ; ನಿಪ್ಪಾಣಿಯಲ್ಲಿ ಮರಾಠಿಯ ಹೆಸರು ಬಂದರೆ ಅದನ್ನೂ ಕನ್ನಡದ ಹೆಸರಿನ ಪಕ್ಕದಲ್ಲಿ ಬರೆಯಿರಿ, ಅದರಿಂದ ಗಡಿಯು ಸರಿಯುವದಿಲ್ಲ. ಯಾವ ತಿಂಗಳು, ಯಾವ ಬೆಳೆ, ಯಾವ ಹಳ್ಳದ ದಂಡೆ ಎಂಬುದನ್ನು ಸೇರಿಸಿರಿ. ಎಲಿಯಟ್ ಸಾಹೇಬರು ಬಿಟ್ಟ ಒಂದು ಕಲಮನ್ನು ನೀವು ಬಿಡಬೇಡಿರಿ: ಹೇಳಿದವರ ಹೆಸರನ್ನು, ಅವರ ಒಪ್ಪಿಗೆಯನ್ನು ಪಡೆದು, ಹೇಳಿದ ಮಾತಿನ ಎದುರಿಗೇ ಬರೆಯಿರಿ. ಒಂದು ಪ್ರತಿಯು ಊರಿನ ವಾಚನಾಲಯದಲ್ಲಿ ಎಲ್ಲರ ಕೈಗೂ ಸಿಕ್ಕುವಂತೆ ಇರಲಿ. ಈ ಕೆಲಸಕ್ಕೆ ದೊಡ್ಡ ಹಣವು ಬೇಡ. ಬೇಸಿಗೆಯ ರಜೆಯ ಆರು ವಾರಗಳು ಸಾಕು. ಎರೆಹೊಲದ ಬಿರುಕುಗಳು ಮುಚ್ಚುವದಕ್ಕೆ ಮೊದಲು, ಬರುವ ಮುಂಗಾರಿಯ ಒಳಗಾಗಿ, ಅಥಣಿಯ ಅಥವಾ ಕಾಗವಾಡದ ಒಂದು ಪಂಚಾಯತಿಯಾದರೂ ತನ್ನ ಇಲಿಗಳ ಪುಟವನ್ನು ತಿದ್ದಿ ಬರೆದು ನಮಗೆ ತಿಳಿಸಿದರೆ, ಅದನ್ನು ಇದೇ ಪುಟದಲ್ಲಿ ಹೇಳಿದವರ ಹೆಸರಿನೊಂದಿಗೆ ಅಚ್ಚುಮಾಡಲು ನಾವು ಸಿದ್ಧರಿರುತ್ತೇವೆ.